ಮನೆಯಲ್ಲೇ ಐಎನ್‌ಆರ್ ನೋಡುವ ಮೀಟರ್: ಬಡ್-ಕಿಯಾರಿ ಇರುವವರು ಕೊಳ್ಳುವ ಮುನ್ನ

ಲಿವರ್‌ನಿಂದ ರಕ್ತ ಹೊರಹೋಗುವ ನಾಳಗಳು ಹೆಪ್ಪುಗಟ್ಟಿ ಮುಚ್ಚಿಕೊಳ್ಳುವ ಕಾಯಿಲೆ ಬಡ್-ಕಿಯಾರಿ. ಬಲೂನ್ ಹಾಕಿ ಹಿಗ್ಗಿಸಿರಲಿ, ಸ್ಟೆಂಟ್ ಕೂರಿಸಿರಲಿ, ಲಿವರ್ ಒಳಗೇ ರಕ್ತಕ್ಕೆ ಹೊಸ ದಾರಿ ತೆರೆಯುವ ಟಿಪ್ಸ್ ಮಾಡಿರಲಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಸಾಮಾನ್ಯವಾಗಿ ತಪ್ಪುವುದಿಲ್ಲ. ರಕ್ತ ಹೆಪ್ಪುಗಟ್ಟುವುದು ಎಷ್ಟು ನಿಧಾನವಾಗಿದೆ ಎಂದು ಹೇಳುವ ಅಂಕಿ ಐಎನ್‌ಆರ್. ಇಂಥ ಮಾತ್ರೆಗಳಾದ ವಾರ್ಫರಿನ್ ಅಥವಾ ಅಸಿಟ್ರಾಮ್ ತೆಗೆದುಕೊಳ್ಳುವವರ ಐಎನ್‌ಆರ್ ಸಾಧಾರಣವಾಗಿ 2ರಿಂದ 3ರೊಳಗೆ ನಿಲ್ಲಬೇಕು. ಮಳವಳ್ಳಿ, ನಾಗಮಂಗಲದ ಹಳ್ಳಿಗಳಿಂದ ಇದೊಂದು ಪರೀಕ್ಷೆಗಾಗಿ ಮೈಸೂರಿನ ಬಸ್ಸು ಹತ್ತುವವರಿಗೆ ಬೆರಳು ಚುಚ್ಚಿ ಒಂದೇ ನಿಮಿಷದಲ್ಲಿ ಅಂಕಿ ತೋರಿಸುವ ಕೋಯಾಗುಚೆಕ್ ಎಕ್ಸ್‌ಎಸ್ ಮೀಟರ್ ನಿಜಕ್ಕೂ ಉಪಕಾರಿ. ಆದರೆ ಈ ಮೀಟರ್ ಎಡವುವ ಜಾಗಗಳು ಬಡ್-ಕಿಯಾರಿಯ ಕಾರಣಗಳ ಮೇಲೇ ಬಂದು ಕೂರುತ್ತವೆ. ಅಂಗಡಿಯಲ್ಲಿ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಮೊದಲನೆಯದು ಆಂಟಿಫಾಸ್ಫೊಲಿಪಿಡ್ ಪ್ರತಿಕಾಯ, ಅಂದರೆ ರಕ್ತ ಹೆಪ್ಪುಗಟ್ಟುವಂತೆ ಮಾಡುವ, ದೇಹವೇ ತಯಾರಿಸುವ ಒಂದು ಪ್ರೋಟೀನ್. ಕೆಲವರಲ್ಲಿ ನಾಳ ಮುಚ್ಚಲು ಇದೇ ಕಾರಣ. ಇದು ರಕ್ತದಲ್ಲಿದ್ದರೆ ಮೀಟರ್ ನಿಜಕ್ಕಿಂತ ಹೆಚ್ಚು ತೋರಿಸಬಹುದು. 3.5 ಕಂಡು ಮಾತ್ರೆ ಕಡಿಮೆ ಮಾಡಿದರೆ, ನಿಜವಾದ ಐಎನ್‌ಆರ್ 2ಕ್ಕಿಂತ ಕೆಳಗಿದ್ದು ಸ್ಟೆಂಟ್ ಕಟ್ಟಿಕೊಳ್ಳಬಹುದು. ಈ ಪ್ರತಿಕಾಯದ ಪರೀಕ್ಷೆಯ ರಿಪೋರ್ಟ್ ಕೈಗೆ ಬರುವವರೆಗೆ ಮೀಟರ್ ಕೊಳ್ಳಲೇಬೇಡಿ. ಪಾಸಿಟಿವ್ ಬಂದರೆ ಲ್ಯಾಬ್ ಪರೀಕ್ಷೆಯೇ ಗತಿ.

ಎರಡನೆಯದು ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ರಕ್ತಕಣಗಳ ಪಾಲು. ರಕ್ತದ ಹನಿ ಹಾಕುವ ಪಟ್ಟಿ (ಸ್ಟ್ರಿಪ್) ಸರಿಯಾಗಿ ಕೆಲಸ ಮಾಡುವುದು 25ರಿಂದ 55 ಶೇಕಡಾದೊಳಗೆ. ಜೆಎಕೆ2 ಎಂಬ ಜೀನಿನ ಬದಲಾವಣೆಯಿಂದ ರಕ್ತಕಣ ಮಿತಿಮೀರಿದ ಪಾಲಿಸೈಥೀಮಿಯಾದವರು 55 ದಾಟಿರಬಹುದು, ರಕ್ತ ವಾಂತಿಯಾಗಿ ಸೊರಗಿದವರು 25ರ ಕೆಳಗಿರಬಹುದು. 55 ದಾಟಿದಾಗ ಲ್ಯಾಬಿನ ನೀಲಿ ಮುಚ್ಚಳದ ಟ್ಯೂಬ್ ಕೂಡ ತಪ್ಪು ಹೇಳುತ್ತದೆ. ರಕ್ತದ ದ್ರವ ಭಾಗವಾದ ಪ್ಲಾಸ್ಮಾ ಕಡಿಮೆಯಿದ್ದು, ರಕ್ತ ಹೆಪ್ಪುಗಟ್ಟದಂತೆ ಟ್ಯೂಬಿನಲ್ಲಿ ಹಾಕಿರುವ ಸಿಟ್ರೇಟ್ ಅದಕ್ಕೆ ಹೆಚ್ಚಾಗುವುದರಿಂದ ಐಎನ್‌ಆರ್ ಸುಳ್ಳೇ ಏರುತ್ತದೆ. ಸಿಟ್ರೇಟ್ ಕಡಿಮೆ ಮಾಡಿದ ಟ್ಯೂಬ್ ಬೇಕೆಂದು ರಕ್ತ ಕೊಡುವ ಮುಂಚೆಯೇ ತಿಳಿಸಬೇಕು. ಲಿವರ್ ಸೊರಗಿದವರಲ್ಲಿ ಮಾತ್ರೆ ಶುರುಮಾಡುವ ಮುನ್ನವೇ ಐಎನ್‌ಆರ್ ಏರಿರುತ್ತದೆ. ಆ ಮೊದಲ ಅಂಕಿ ಫೈಲಿನಲ್ಲಿರಲಿ.

ಬಳಸುವಾಗ ಹೆಚ್ಚಿನ ತಪ್ಪು ರಕ್ತದ ಹನಿಯಲ್ಲೇ. ಶುಗರ್ ಮೀಟರ್ ಅಭ್ಯಾಸವಿರುವವರು ಮೊದಲ ಹನಿ ಒರೆಸಿಬಿಡುತ್ತಾರೆ. ಇಲ್ಲಿ ಮೊದಲ ಹನಿಯೇ ಬೇಕು, ಅದೂ ಚುಚ್ಚಿದ 15 ಸೆಕೆಂಡಿನೊಳಗೆ. ತಡವಾದರೆ ಹೆಪ್ಪುಗಟ್ಟುವಿಕೆ ಬೆರಳ ತುದಿಯಲ್ಲೇ ಶುರುವಾಗಿರುತ್ತದೆ. ಕೈಯನ್ನು ಬಿಸಿನೀರಲ್ಲಿ ತೊಳೆದು, ಚೆನ್ನಾಗಿ ಒರೆಸಿ, ಕೆಳಗೆ ಇಳಿಬಿಟ್ಟರೆ 8 ಮೈಕ್ರೋಲೀಟರ್ ತಾನಾಗಿ ಬರುತ್ತದೆ. ಬೆರಳು ಹಿಂಡಬಾರದು. ಸಾಲದಿದ್ದರೆ ಅದೇ ಪಟ್ಟಿಗೆ ಎರಡನೇ ಹನಿ ಸೇರಿಸದೆ ಹೊಸ ಪಟ್ಟಿ, ಹೊಸ ಬೆರಳು. ಪಟ್ಟಿ ದುಬಾರಿ, ಹೊಟ್ಟೆ ಉರಿಯುತ್ತದೆ, ಆದರೂ ಬಿಸಾಡಲೇಬೇಕು. ಪ್ರತಿ ಡಬ್ಬಿಯ ಜೊತೆ ಬರುವ ಕೋಡ್ ಚಿಪ್ ಬದಲಿಸುವುದನ್ನು ಮರೆಯಬೇಡಿ.

ಪಟ್ಟಿಗಳನ್ನು 2ರಿಂದ 30 ಡಿಗ್ರಿಯೊಳಗೆ ಇಡಬೇಕು. ಏಪ್ರಿಲ್‌ನಲ್ಲಿ ಮಂಡ್ಯದ ಶೀಟಿನ ಮನೆ ಅದನ್ನು ಸುಲಭವಾಗಿ ದಾಟುತ್ತದೆ. ಫ್ರಿಜ್‌ನ ಬಾಗಿಲಲ್ಲಿಡಿ, ಫ್ರೀಜರಿನಲ್ಲಲ್ಲ. ಡಬ್ಬಿಯಿಂದ ತೆಗೆದ ಪಟ್ಟಿಯನ್ನು 10 ನಿಮಿಷದೊಳಗೆ ಬಳಸಬೇಕು.

ಕೊಂಡ ಮೇಲೆ ಮೊದಲ ಬಾರಿ ಲ್ಯಾಬಿನಲ್ಲಿ ರಕ್ತ ಕೊಟ್ಟು, ಅಲ್ಲೇ ಮೀಟರಿನಲ್ಲೂ ನೋಡಿ. 2-3ರ ಆಸುಪಾಸಿನಲ್ಲಿ 0.5ರಷ್ಟು ವ್ಯತ್ಯಾಸ ನಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ವೈದ್ಯರಿಗೆ ತೋರಿಸದೆ ಮಾತ್ರೆ ಬದಲಿಸಬೇಡಿ.

ಅಂಕಿ ಏರಿಳಿದಾಗಲೆಲ್ಲ ಮೀಟರನ್ನೇ ದೂರಬೇಡಿ. ವಾರವೆಲ್ಲ ಬೇಳೆಸಾರು ಉಂಡು ಭಾನುವಾರ ಮುದ್ದೆಗೆ ತಟ್ಟೆ ತುಂಬ ಮಸ್ಸೊಪ್ಪು ಸುರಿದುಕೊಂಡರೆ ಐಎನ್‌ಆರ್ ಇಳಿಯಬಹುದು. ಸೊಪ್ಪು ಬಿಡಬೇಕಿಲ್ಲ, ದಿನಾ ಹೆಚ್ಚುಕಮ್ಮಿ ಅಷ್ಟೇ ಇರಲಿ. ಭೇದಿಗೆಂದು ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಮೆಟ್ರೊನಿಡಜೋಲ್ ಅದನ್ನು ಜೋರಾಗಿ ಏರಿಸುತ್ತದೆ. ಮಲ ಕಪ್ಪಾದರೆ, ರಕ್ತ ವಾಂತಿಯಾದರೆ, ಹೊಟ್ಟೆ ಮತ್ತೆ ಉಬ್ಬತೊಡಗಿದರೆ ಮೀಟರ್ ಏನೇ ತೋರಿಸಲಿ, ನೇರ ಆಸ್ಪತ್ರೆಗೆ ಹೋಗಿ.