ಆರು ವರ್ಷ ಪ್ರಾಕ್‌ಡಂಪ್ ಬಳಸಿದ ಮೇಲೆ ಬರೆಯುತ್ತಿದ್ದೇನೆ

ಡಂಪ್ ಅಂದರೆ ಓಡುತ್ತಿರುವ ಪ್ರೋಗ್ರಾಂನ ಮೆಮೊರಿಯನ್ನು ಆ ಕ್ಷಣಕ್ಕೆ ಇದ್ದ ಹಾಗೆ ಬರೆದಿಟ್ಟ ಫೈಲ್. ಅದನ್ನು ತೆಗೆಯಲು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಸಾಕಲ್ವಾ, ಪ್ರಾಕ್‌ಡಂಪ್ ಅಂತ ಇನ್ನೊಂದು ಟೂಲ್ ಯಾಕೆ ಅಂತ ಕೇಳುವವರು ಜಾಸ್ತಿ. ನಾನೂ ಹಾಗೇ ಅಂದುಕೊಂಡಿದ್ದೆ. ಪ್ರೋಗ್ರಾಂ ಮೇಲೆ ರೈಟ್ ಕ್ಲಿಕ್ ಮಾಡಿದರೆ ಡಂಪ್ ಬರುತ್ತದೆ, ನಿಜ. ಆದರೆ ತೊಂದರೆ ಆಗುವ ಗಳಿಗೆಯಲ್ಲಿ ನೀವು ಅಲ್ಲೇ ಕೂತಿರಬೇಕು.

ಹಿನ್ನೆಲೆಯಲ್ಲಿ ಓಡುವ ನಮ್ಮ ಒಂದು ಸರ್ವಿಸ್ ಮಧ್ಯರಾತ್ರಿ ದಾಟಿದ ಮೇಲೆ ಯಾವಾಗಲೋ ಒಂದು ನಿಮಿಷ ಸಿಪಿಯು ತಿಂದು ಮತ್ತೆ ಸುಮ್ಮನಾಗುತ್ತಿತ್ತು. ಬೆಳಿಗ್ಗೆ ನೋಡಿದರೆ ಎಲ್ಲ ಸರಿ ಇರುತ್ತಿತ್ತು, ಲಾಗ್‌ನಲ್ಲಿ ಏನೂ ಇಲ್ಲ. ಆಗ ಪ್ರಾಕ್‌ಡಂಪ್ ಹಿಡಿದೆ. ಇದು ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಅನ್ನುವ ಟೂಲ್‌ಗಳ ಗುಂಪಿನದು, ಮಾರ್ಕ್ ರುಸ್ಸಿನೋವಿಚ್ ಮತ್ತು ಆಂಡ್ರ್ಯೂ ರಿಚರ್ಡ್ಸ್ ಬರೆದದ್ದು, ದುಡ್ಡು ಕೊಡಬೇಕಿಲ್ಲ, ಇನ್‌ಸ್ಟಾಲ್ ಕೂಡ ಬೇಡ. ಕಮಾಂಡ್ ಕೊಟ್ಟು ಬಿಟ್ಟರೆ ಕಾಯುತ್ತಾ ಕೂತಿರುತ್ತದೆ, ನೀವು ಹೇಳಿದ ಪರಿಸ್ಥಿತಿ ಬಂದ ಕೂಡಲೇ ಡಂಪ್ ಬರೆಯುತ್ತದೆ.

ಸಿಪಿಯು ಬಳಕೆ ಶೇಕಡಾ 80 ದಾಟಿದರೆ ಡಂಪ್ ತೆಗಿ ಅಂತ ‘-ಸಿ 80’ ಕೊಟ್ಟೆ. ಎರಡು ರಾತ್ರಿ ಕಳೆದರೂ ಒಂದು ಫೈಲೂ ಇಲ್ಲ. ಆಮೇಲೆ ಹೆಲ್ಪ್ ಪೂರ್ತಿ ಓದಿದೆ. ಆ 80 ಎಲ್ಲ ಕೋರ್‌ಗಳನ್ನೂ ಸೇರಿಸಿದ ಲೆಕ್ಕ. ನಮ್ಮದು 8 ಕೋರ್‌ಗಳ ಮೆಷಿನ್, ಅದರಲ್ಲಿ ಒಂದೇ ಥ್ರೆಡ್ (ಪ್ರೋಗ್ರಾಂ ಒಳಗೆ ಓಡುವ ಕೆಲಸದ ಒಂದು ಎಳೆ) ಎಷ್ಟು ಸುತ್ತಿದರೂ ಲೆಕ್ಕಕ್ಕೆ ಬರುವುದು ಬರೀ 12.5. ಒಂದು ಕೋರ್‌ಗೆ ಹೋಲಿಸಿ ಅಳೆಯಬೇಕೆಂದರೆ ಜೊತೆಗೆ ‘-ಯು’ ಹಾಕಬೇಕು. ‘-ಎಂಎ -ಸಿ 80 -ಯು -ಎಸ್ 10 -ಎನ್ 3’ ಅಂತ ಕೊಟ್ಟೆ. ಅಂದರೆ 10 ಸೆಕೆಂಡ್ ಬಿಡದೆ ಅಷ್ಟು ಏರಿದ್ದರೆ ಪೂರ್ತಿ ಮೆಮೊರಿಯ ಡಂಪ್ ತೆಗಿ, ಮೂರು ಆದ ಮೇಲೆ ನಿಲ್ಲಿಸು. ಮೂರನೇ ರಾತ್ರಿ ಮೂರು ಫೈಲ್ ಸಿಕ್ಕವು.

ಯಾಕೆ ಮೂರು? ಒಂದೇ ಡಂಪ್ ಒಂದು ಫೋಟೋ ಇದ್ದ ಹಾಗೆ. ಆ ಕ್ಷಣಕ್ಕೆ ಥ್ರೆಡ್ ಅಲ್ಲಿತ್ತು ಅಂತ ಗೊತ್ತಾಗುತ್ತದೆ, ಅಲ್ಲೇ ಸಿಕ್ಕಿಹಾಕಿಕೊಂಡಿತ್ತಾ ಅಥವಾ ಸುಮ್ನೆ ದಾಟಿ ಹೋಗುತ್ತಿತ್ತಾ ಅಂತ ಗೊತ್ತಾಗುವುದಿಲ್ಲ. ವಿನ್‌ಡಿಬಿಜಿ ಅನ್ನುವ ಡಿಬಗರ್‌ನಲ್ಲಿ, ಅಂದರೆ ಪ್ರೋಗ್ರಾಂ ಒಳಗೆ ಇಣುಕಿ ನೋಡುವ ಟೂಲ್‌ನಲ್ಲಿ, ಮೂರನ್ನೂ ತೆರೆದು, ಯಾವ ಥ್ರೆಡ್ ಎಷ್ಟು ಸಿಪಿಯು ಸಮಯ ತಿಂದಿದೆ ಅಂತ ತೋರಿಸುವ ‘!ರನ್‌ಅವೇ’ ಕೊಟ್ಟೆ. ಮೂರರಲ್ಲೂ ಪಟ್ಟಿಯ ತುದಿಯಲ್ಲಿ ಅದೇ ಥ್ರೆಡ್ ಇತ್ತು, ಸಮಯ ಏರುತ್ತಾ ಹೋಗಿತ್ತು, ಸ್ಟ್ಯಾಕ್ (ಯಾವ ಫಂಕ್ಷನ್ ಯಾವುದನ್ನು ಕರೆದಿದೆ ಅನ್ನುವ ಸರಣಿ) ಅದೇ ರೆಜೆಕ್ಸ್ ಹುಡುಕಾಟದ ಒಳಗೇ ಇತ್ತು, ಅಂದರೆ ಪ್ಯಾಟರ್ನ್ ಕೊಟ್ಟು ಪಠ್ಯದಲ್ಲಿ ಹುಡುಕುವ ಕೆಲಸದಲ್ಲಿ. ಸ್ಟ್ಯಾಕ್‌ನಲ್ಲಿದ್ದ ಪಾಯಿಂಟರ್ ಹಿಡಿದು ಮೆಮೊರಿ ನೋಡಿದರೆ ತುಂಬ ಉದ್ದದ ಒಂದು ಸಾಲು ಅಲ್ಲೇ ಇತ್ತು. ಪ್ಯಾಟರ್ನ್‌ನಲ್ಲಿ ಪ್ಲಸ್ ಒಳಗೆ ಇನ್ನೊಂದು ಪ್ಲಸ್, ಸಾಲು ಹೊಂದದೇ ಹೋದಾಗ ಸಾಧ್ಯ ಇರುವ ಎಲ್ಲ ರೀತಿಯಲ್ಲೂ ಮತ್ತೆ ಮತ್ತೆ ಹಿಂದೆ ಬಂದು ಪ್ರಯತ್ನಿಸುತ್ತಿತ್ತು. ವಾರಗಟ್ಟಲೆ ಕಾಡಿದ್ದು ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಅವತ್ತಿನಿಂದ ಈ ಟೂಲ್ ನನ್ನ ಜೊತೆಗೇ ಇದೆ.

ಕಿಟಕಿ ಇರುವ ಪ್ರೋಗ್ರಾಂಗಳಿಗೆ ‘-ಎಚ್’ ತುಂಬ ಇಷ್ಟ. 5 ಸೆಕೆಂಡ್ ವಿಂಡೋ ಯಾವ ಮೆಸೇಜ್‌ಗೂ ಉತ್ತರ ಕೊಡದಿದ್ದರೆ ಡಂಪ್ ಬರುತ್ತದೆ. ಒಮ್ಮೆ ಮೇನ್ ಥ್ರೆಡ್ ಒಂದು ಲಾಕ್‌ಗಾಗಿ (ಒಂದು ಸಲಕ್ಕೆ ಒಂದೇ ಥ್ರೆಡ್ ಹಿಡಿಯಬಹುದಾದ ಬೀಗ) ಕಾಯುತ್ತಿತ್ತು, ಆ ಲಾಕ್ ಹಿಡಿದಿದ್ದ ಥ್ರೆಡ್ ಮೇನ್ ಥ್ರೆಡ್‌ಗೆ ಮೆಸೇಜ್ ಕಳಿಸಿ ಉತ್ತರಕ್ಕೆ ಕಾಯುತ್ತಿತ್ತು. ವಿನ್‌ಡಿಬಿಜಿಯಲ್ಲಿ ‘!ಲಾಕ್ಸ್’ ಕೊಟ್ಟ ಕೂಡಲೇ ಕಣ್ಣಿಗೆ ಬಿತ್ತು. ಸರ್ವಿಸ್‌ಗಳಿಗೆ ವಿಂಡೋ ಇಲ್ಲ, ಅಲ್ಲಿ ಇದು ಉಪಯೋಗಕ್ಕೆ ಬರುವುದಿಲ್ಲ.

ಈಗ ಕಷ್ಟಗಳು. ಪೂರ್ತಿ ಡಂಪ್ ಬರೆಯುವಷ್ಟು ಹೊತ್ತು ಪ್ರೋಗ್ರಾಂ ನಿಂತಿರುತ್ತದೆ. ಹತ್ತಾರು ಜಿಬಿ ಮೆಮೊರಿ ಹಿಡಿದ ಪ್ರೋಗ್ರಾಂ ಆದರೆ ಆ ನಿಲುಗಡೆ ಬಳಕೆದಾರರಿಗೆ ಗೊತ್ತಾಗುತ್ತದೆ. ‘-ಆರ್’ ಕೊಟ್ಟರೆ ಪ್ರೋಗ್ರಾಂನ ನಕಲು ಮಾಡಿಕೊಂಡು ಆ ನಕಲಿನಿಂದ ಡಂಪ್ ಬರೆಯುತ್ತದೆ, ಹಾಗಾಗಿ ನಿಲ್ಲುವುದು ತುಂಬ ಕಡಿಮೆ. ಲೈವ್ ಸರ್ವರ್‌ನಲ್ಲಿ ನಾನು ಇದಿಲ್ಲದೆ ಮುಟ್ಟುವುದಿಲ್ಲ. ಡಿಸ್ಕ್ ಜಾಗವನ್ನೂ ಮೊದಲೇ ನೋಡಿಕೊಳ್ಳಿ. ಒಮ್ಮೆ ಸಿ ಡ್ರೈವ್‌ಗೇ ಬರೆಯಲು ಬಿಟ್ಟು, ಅದು ತುಂಬಿ, ಬೇರೆ ಎರಡು ಸರ್ವಿಸ್ ನಿಂತವು. ತಪ್ಪು ನನ್ನದೇ.

ಎಕ್ಸೆಪ್ಶನ್ (ಪ್ರೋಗ್ರಾಂ ಓಡುವಾಗ ಏಳುವ ದೋಷ) ಬಂದ ಕೂಡಲೇ ಹಿಡಿಯುವ ‘-ಇ 1’ ಒಳ್ಳೆಯದೇ, ಆದರೆ ‘-ಎಫ್’ ಹಾಕಿ ಯಾವ ಎಕ್ಸೆಪ್ಶನ್ ಅಂತ ಹೇಳದಿದ್ದರೆ ಪ್ರೋಗ್ರಾಂ ತಾನೇ ಸಂಭಾಳಿಸಿಕೊಳ್ಳುವ ಚಿಲ್ಲರೆ ಎಕ್ಸೆಪ್ಶನ್‌ಗೇ ಡಂಪ್ ಮುಗಿದು ಹೋಗುತ್ತದೆ. ಇದು ಡಿಬಗರ್ ಆಗಿ ಅಂಟಿಕೊಳ್ಳುವುದರಿಂದ ಅದೇ ಪ್ರೋಗ್ರಾಂಗೆ ಆಗಲೇ ಬೇರೆ ಡಿಬಗರ್ ಇದ್ದರೆ ಆಗುವುದಿಲ್ಲ.

ಮೆಮೊರಿ ಸೋರಿಕೆಗೆ, ಅಂದರೆ ಪಡೆದ ಮೆಮೊರಿ ವಾಪಸ್ ಕೊಡದೆ ಬೆಳೆಯುತ್ತಾ ಹೋಗುವ ತೊಂದರೆಗೆ, ‘-ಎಂ’ ಇದೆ, ಇಷ್ಟು ಎಂಬಿ ದಾಟಿದಾಗ ಅಂತ. ಇಲ್ಲೂ ಒಂದು ಡಂಪ್ ಸಾಲದು. ಬೇರೆ ಬೇರೆ ಮಟ್ಟದಲ್ಲಿ ಎರಡು ತೆಗೆದು ವಿನ್‌ಡಿಬಿಜಿಯ ‘!ಹೀಪ್’ ಲೆಕ್ಕ (ಪ್ರೋಗ್ರಾಂ ಪಡೆದ ಮೆಮೊರಿ ತುಂಡುಗಳ ಲೆಕ್ಕ) ಹೋಲಿಸಿದರೆ ಯಾವ ಅಳತೆಯ ಬ್ಲಾಕ್ ಬೆಳೆದಿದೆ ಅಂತ ತಿಳಿಯುತ್ತದೆ.

ಬಿಲ್ಡ್ ಮಾಡಿದಾಗಿನ ಪಿಡಿಬಿ ಫೈಲ್ ಎತ್ತಿಡಿ, ಮೆಮೊರಿ ವಿಳಾಸಗಳನ್ನು ಫಂಕ್ಷನ್ ಹೆಸರುಗಳಿಗೆ ಹೊಂದಿಸುವುದು ಅದೇ. ಅದೇ ಸೋರ್ಸ್ ಮತ್ತೆ ಬಿಲ್ಡ್ ಮಾಡಿದರೆ ಬರುವ ಪಿಡಿಬಿ ಸಾಮಾನ್ಯವಾಗಿ ಹೊಂದುವುದಿಲ್ಲ, ಆಗ ಸ್ಟ್ಯಾಕ್‌ನಲ್ಲಿ ಬರೀ ವಿಳಾಸಗಳು.

ಇನ್ನೊಂದು ಮಾತು, ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ‘-ಎಂಎ’ ಡಂಪ್‌ನಲ್ಲಿ ಪ್ರೋಗ್ರಾಂನ ಮೆಮೊರಿ ಪೂರ್ತಿ ಇರುತ್ತದೆ. ಪಾಸ್‌ವರ್ಡ್, ಟೋಕನ್, ಗ್ರಾಹಕರ ಮಾಹಿತಿ ಎಲ್ಲ. ನಾನೇ ಒಂದು ಡಂಪ್‌ನಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಹಾಗೇ ಓದಿದ್ದೇನೆ. ಅವತ್ತೇ ಪಾಸ್‌ವರ್ಡ್ ಬದಲಾಯಿಸಿದೆವು, ಹಳೆಯ ಡಂಪ್‌ಗಳನ್ನು ಹಂಚಿಕೊಂಡ ಫೋಲ್ಡರ್‌ನಿಂದ ಅಳಿಸಿದೆವು. ಈಗ ಹೊರಗಿನವರಿಗೆ ಕಳಿಸುವುದಿದ್ದರೆ ಮೆಮೊರಿ ಪೂರ್ತಿ ಇಲ್ಲದ ಚಿಕ್ಕ ‘ಮಿನಿ’ ಡಂಪ್ ಮಾತ್ರ ಕಳಿಸುತ್ತೇವೆ, ಅದನ್ನೂ ಒಮ್ಮೆ ತೆರೆದು ನೋಡಿಯೇ.