ಮೊದಲೇ ಪೂರ್ತಿ ನಕ್ಷೆಯೋ, ಮಾಡಿ ನೋಡಿ ತಿದ್ದುವುದೋ?

ಹೊಸ ಸಾಧನ ಮಾಡಲು ಹೊರಟಿದ್ದೀರಾ? ನಿಮ್ಮ ಮುಂದೆ ಎರಡು ದಾರಿ ಇವೆ. ಒಂದು, ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿ ಆಮೇಲೆ ಕಟ್ಟುವುದು. ಇನ್ನೊಂದು, ಚಿಕ್ಕ ಮಾದರಿ ಮಾಡಿ, ಪರೀಕ್ಷಿಸಿ, ತಿದ್ದುತ್ತಾ ಹೋಗುವುದು.

ಸೇತುವೆ, ಅಣೆಕಟ್ಟಿಗೆ ಮೊದಲನೆಯದೇ ಸರಿ. ಕಾಂಕ್ರೀಟ್ ಗಟ್ಟಿಯಾದ ಮೇಲೆ ತಿದ್ದುವುದು ಕಷ್ಟ, ಅಲ್ವಾ? ಆದರೆ ಲೆಕ್ಕಕ್ಕೆ ಬಾರದ್ದೂ ಇರುತ್ತದೆ. ಅಮೆರಿಕದ ಟಕೋಮಾ ನ್ಯಾರೋಸ್ ಸೇತುವೆ 1940ರಲ್ಲಿ, ತೆರೆದ ನಾಲ್ಕೇ ತಿಂಗಳಲ್ಲಿ, ಗಾಳಿಗೆ ಹೊಯ್ದಾಡಿ ಕುಸಿಯಿತು. ಉದ್ದದ ತೂಗುಸೇತುವೆಗಳ ಮಾದರಿಯನ್ನು ಗಾಳಿ ಸುರಂಗದಲ್ಲಿ (ಒಳಗೆ ಜೋರಾಗಿ ಗಾಳಿ ಹಾಯಿಸುವ ಕೊಳವೆಯಲ್ಲಿ) ಪರೀಕ್ಷಿಸುವ ರೂಢಿ ಬೆಳೆದದ್ದು ಆಮೇಲೆ.

ಎರಡನೆಯ ದಾರಿಗೆ ನನಗೆ ತುಂಬಾ ಇಷ್ಟವಾದ ಉದಾಹರಣೆ ರೈಟ್ ಸಹೋದರರು. 1901ರಲ್ಲಿ ತಾವೇ ಗಾಳಿ ಸುರಂಗ ಮಾಡಿ, ಸುಮಾರು 200 ಬಗೆಯ ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿದರು. 1903ರಲ್ಲಿ ವಿಮಾನದಲ್ಲಿ ಹಾರಿದರು. ಮಾದರಿ ಅಗ್ಗವಾಗಿದ್ದರೆ ತಪ್ಪೂ ಅಗ್ಗ. ಆ್ಯಪ್, ಅಡುಗೆ ಸಾಧನ, ಊರುಗೋಲು ಇಂಥವಕ್ಕೆ ಇದೇ ಒಳ್ಳೆಯದು. ಊರುಗೋಲಿನ ಹಿಡಿಕೆ ಕೈಗೆ ಒತ್ತುತ್ತದೆಯೇ ಎಂಬುದು ನಕ್ಷೆಯಲ್ಲಿ ಕಾಣುವುದಿಲ್ಲ. ಬಳಸುವವರೇ ಹೇಳಬೇಕು.

ಆದರೆ ಜೀವದ ಪ್ರಶ್ನೆ ಇರುವಲ್ಲಿ "ಆಮೇಲೆ ತಿದ್ದೋಣ" ಎನ್ನುವಂತಿಲ್ಲ. ಥೆರಾಕ್-25 ಎಂಬ ವಿಕಿರಣ ಚಿಕಿತ್ಸೆಯ ಯಂತ್ರ 1985ರಿಂದ 1987ರ ನಡುವೆ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಕೊಟ್ಟಿತು. ಕೆಲವರು ಸತ್ತೇಹೋದರು. ಹಳೆಯ ಮಾದರಿಗಳಲ್ಲಿ ಅಪಾಯದ ವಿಕಿರಣ ಹೊರಬರದಂತೆ ಇದ್ದ ಯಾಂತ್ರಿಕ ತಡೆಗಳನ್ನು ತೆಗೆದು, ಸಾಫ್ಟ್‌ವೇರನ್ನೇ ನಂಬಿದ್ದರು. ಇಂಥ ಸಾಧನವಾದರೆ ಎರಡೂ ದಾರಿ ಬೇಕು: ಮೊದಲು ಬಿಗಿಯಾದ ಲೆಕ್ಕ, ಜೊತೆಗೆ ಪ್ರಯೋಗಾಲಯದಲ್ಲಿ ಜಾಸ್ತಿ ಪರೀಕ್ಷೆ. ರೋಗಿಯ ಹತ್ತಿರ ಒಯ್ಯುವುದು ಅದಾದ ಮೇಲೆಯೇ.