ದುಬೈಯಿಂದ ಅಮ್ಮನಿಗೆ ಫೋನ್: ಸಾದಾ ಕಾಲ್, ಬೋಟಿಮ್, ಮೀಟ್, ವಾಯ್ಸ್ ಮೆಸೇಜ್ ಎಲ್ಲ ಬಳಸಿ ನೋಡಿದ ಮೇಲೆ

ನಮ್ಮ ಅಮ್ಮನದು ಬಟನ್ ಫೋನು. ಹಸಿರು ಬಟನ್ ಒತ್ತಿದರೆ ಮಾತು, ಕೆಂಪು ಒತ್ತಿದರೆ ಮುಗಿಯಿತು. ಒತ್ತಿ ಒತ್ತಿ ಆ ಹಸಿರು ಬಟನ್ನಿನ ಗುರುತೇ ಅಳಿಸಿಹೋಗಿದೆ. ಕುಂದಾಪುರದ ಹತ್ತಿರದ ನಮ್ಮ ಮನೆಯಲ್ಲಿ ಅದು ಇರುವುದು ಚಾವಡಿಯ ಕಿಟಕಿಯಲ್ಲಿ. ಯಾಕಂದ್ರೆ ಮಳೆಗಾಲದಲ್ಲಿ ಅಲ್ಲಿ ಮಾತ್ರ ರೇಂಜ್ ಸಿಗುತ್ತದೆ. ದುಬೈಯಿಂದ ಊರಿಗೆ ಫೋನ್ ಮಾಡಲು ಯಾವುದು ಒಳ್ಳೆಯದು ಎಂದು ಹೊಸದಾಗಿ ಬಂದ ಹುಡುಗರು ಕೇಳಿದಾಗೆಲ್ಲ ನನ್ನ ಕಣ್ಣ ಮುಂದೆ ಬರುವುದು ಆ ಕಿಟಕಿ.

ನಾನು ಇಲ್ಲಿಗೆ ಬಂದಿದ್ದು 2009ರಲ್ಲಿ. ದೇರಾದಲ್ಲಿ ಆರು ಜನರ ರೂಮು, ನನ್ನದೊಂದು ಬೆಡ್‌ಸ್ಪೇಸ್. ಆಗ ಇಲ್ಲಿ ಎರಡೇ ಮೊಬೈಲ್ ಕಂಪನಿ. ಒಂದು 1976ರಿಂದ ಇರುವ ಎತಿಸಲಾತ್. ಅರಬಿಯಲ್ಲಿ ಆ ಪದಕ್ಕೆ ಸಂಪರ್ಕ ಎಂದೇ ಅರ್ಥ. 2022ರಲ್ಲಿ ಅದು 'ಇ ಆ್ಯಂಡ್' ಎಂದು ಹೆಸರು ಬದಲಿಸಿಕೊಂಡಿತು. ಹಸಿರು ಬೋರ್ಡುಗಳು ಕೆಂಪಾದವು. ನಮ್ಮವರ ಬಾಯಲ್ಲಿ ಮಾತ್ರ ಈಗಲೂ ಅದು ಎತಿಸಲಾತೇ. ಇನ್ನೊಂದು ಡು, 2007ರಲ್ಲಿ ಶುರುವಾಗಿದ್ದು. ನಂಬರಿನ ಮೊದಲ ಮೂರು ಅಂಕಿ ನೋಡಿಯೇ ಯಾವುದೆಂದು ಹೇಳಬಹುದಿತ್ತು: 050 ಆದರೆ ಎತಿಸಲಾತ್, 055 ಆದರೆ ಡು.

ನಾನು ಮೊದಲು ತೆಗೆದುಕೊಂಡಿದ್ದು ಡು ಸಿಮ್. ಅದಕ್ಕೆ ಒಂದೇ ಕಾರಣ. ಸೆಕೆಂಡಿನ ಲೆಕ್ಕದಲ್ಲಿ ದುಡ್ಡು ಹಿಡಿಯುವ ಪದ್ಧತಿಯನ್ನು ಡು ಬರುವಾಗಲೇ ತಂದಿತ್ತು. "ಉಂಡ್ಯಾ ಮಗಾ? ಇಲ್ಲಿ ಮಳಿ ಜೋರ್ ಇತ್" ಎನ್ನುವಷ್ಟರಲ್ಲಿ ಅಮ್ಮನಿಗೆ ನನ್ನ ದುಡ್ಡಿನ ಚಿಂತೆ ಹತ್ತುತ್ತಿತ್ತು. ನಲವತ್ತು ಸೆಕೆಂಡಿಗೆ ಫೋನ್ ಇಟ್ಟುಬಿಡುತ್ತಿದ್ದಳು. ನಲವತ್ತು ಸೆಕೆಂಡ್ ಮಾತಾಡಿದರೆ ಅಷ್ಟಕ್ಕೇ ದುಡ್ಡು ಹೋಗುವುದು ಆಗಿನ ಸಂಬಳಕ್ಕೆ ದೊಡ್ಡ ವಿಷಯ.

ಆಮೇಲೆ ಕೆಲಸ ಲಿವಾ ಕಡೆ ಬಿತ್ತು. ಅಬುಧಾಬಿ ದಾಟಿ ದಕ್ಷಿಣಕ್ಕೆ, ಮರಳುಗುಡ್ಡೆಗಳ ನಡುವೆ. ಸೈಟಿನ ತಂಡದವರೆಲ್ಲ ಎತಿಸಲಾತ್, ಆದ್ದರಿಂದ ನಾನೂ ಬದಲಾಯಿಸಿದೆ. ಖುಷಿಯ ವಿಷಯ ಏನೆಂದರೆ ನಂಬರ್ ಬದಲಾಗಲಿಲ್ಲ. 2013ರ ಡಿಸೆಂಬರಿನಲ್ಲಿ ಇಲ್ಲಿ ನಂಬರ್ ಪೋರ್ಟಬಿಲಿಟಿ ಬಂದಿತ್ತು. ಹೊಸ ಕಂಪನಿಯ ಅಂಗಡಿಗೆ ಹೋಗಿ ಬತಾಕ ಕೊಟ್ಟೆ, ಅಂದರೆ ನಮ್ಮ ಎಮಿರೇಟ್ಸ್ ಐಡಿ. ಅದೇ 055 ನಂಬರ್ ಎತಿಸಲಾತ್‌ಗೆ ಬಂತು. ಮರಳುಗಾಡಿನ ಆ ರಸ್ತೆಯಲ್ಲಿ ಕಾರು ನಿಲ್ಲಿಸಿ ಊರಿಗೆ ಎಷ್ಟೋ ಸಲ ಮಾತಾಡಿದ್ದೇನೆ. ರೇಂಜ್ ಚೆನ್ನಾಗಿತ್ತು.

ಅಮ್ಮನ ಫೋನಿನಲ್ಲಿ ನನ್ನ ನಂಬರನ್ನು ಸೇವ್ ಮಾಡಿಕೊಟ್ಟಿದ್ದು ನಾನೇ, ಮೊದಲ ರಜೆಗೆ ಹೋದಾಗ. ಅದು ಬದಲಾಗಿದ್ದರೆ ಅವಳು ಫೋನ್ ಎತ್ತುತ್ತಿರಲಿಲ್ಲ. ಗೊತ್ತಿಲ್ಲದ ನಂಬರ್ ಎತ್ತಬೇಡ, ಮೋಸ ಮಾಡ್ತಾರೆ ಎಂದು ಊರಲ್ಲಿ ಎಲ್ಲರೂ ಅವಳಿಗೆ ಹೇಳಿದ್ದಾರೆ. ಹೇಳಿದ್ದು ಸರಿಯಾಗಿಯೇ ಇದೆ.

2017ರಲ್ಲಿ ವರ್ಜಿನ್ ಮೊಬೈಲ್ ಬಂತು. ಇದು ಡು ಕಂಪನಿಯದೇ ಇನ್ನೊಂದು ಬ್ರ್ಯಾಂಡ್, ನೆಟ್‌ವರ್ಕೂ ಅದೇ. ಆದರೆ ಎಲ್ಲವೂ ಆ್ಯಪ್‌ನಲ್ಲಿ. ನಂಬರ್ ಆರಿಸಿದ್ದು ಆ್ಯಪ್‌ನಲ್ಲಿ, ಬತಾಕ ಸ್ಕ್ಯಾನ್ ಮಾಡಿದ್ದು ಆ್ಯಪ್‌ನಲ್ಲಿ. ಸಿಮ್ಮನ್ನು ಒಬ್ಬ ಹುಡುಗ ರೂಮಿಗೇ ತಂದುಕೊಟ್ಟ. ಡೇಟಾಗೆಂದು ಎರಡನೇ ಸಿಮ್ಮಾಗಿ ಇಟ್ಟುಕೊಂಡು ಖುಷಿಯಾಗಿದ್ದೇನೆ. ಬೇಕಾದಾಗ ಪ್ಲಾನ್ ಜಾಸ್ತಿ ಮಾಡಬಹುದು, ಬೇಡವಾದಾಗ ಕಡಿಮೆ. ಬ್ಯಾಂಕ್ ಕಾರ್ಡ್ ಇದ್ದು ಆ್ಯಪ್ ಓದಲು ಬರುವವರಿಗೆ ಇದು ಬಹಳ ಸಲೀಸು. ಆದರೆ ನಮ್ಮ ಗೋಡೌನಿನ ಹಿರಿಯ ಡ್ರೈವರ್ ಒಬ್ಬರಿಗೆ ನಾನು ಎತಿಸಲಾತನ್ನೋ ಡುವನ್ನೋ ಹೇಳುತ್ತೇನೆ. ಸೋನಾಪುರದ ಕಾರ್ಮಿಕರ ಕ್ಯಾಂಪಿನ ಗ್ರೋಸರಿಯಲ್ಲಿ ಹತ್ತು ದಿರ್ಹಮ್ ಕೊಟ್ಟರೆ ಅಂಗಡಿಯವನೇ ರೀಚಾರ್ಜ್ ಮಾಡಿಕೊಡುತ್ತಾನೆ. ಅವರಿಗೆ ಬೇಕಾಗಿರುವುದು ಅಷ್ಟೇ.

ಕಂಪನಿಗಳ ಮಾತು ಇಷ್ಟು ಸಾಕು. ನನ್ನ ಅನುಭವದಲ್ಲಿ ನಿಜವಾದ ವ್ಯತ್ಯಾಸ ಬರುವುದು ಯಾವ ಸಿಮ್ ಎನ್ನುವುದರಲ್ಲಿ ಅಲ್ಲ, ಯಾವ ದಾರಿಯಲ್ಲಿ ಮಾತಾಡುತ್ತೀರಿ ಎನ್ನುವುದರಲ್ಲಿ.

ಊರಲ್ಲಿರುವವರಿಗೆ ಇದು ಅರ್ಥವಾಗುವುದು ಕಷ್ಟ. "ವಾಟ್ಸಾಪಲ್ಲೇ ಕಾಲ್ ಮಾಡು ಮಾರಾಯ, ಫ್ರೀ ಅಲ್ವಾ" ಎನ್ನುತ್ತಾರೆ. ವಾಟ್ಸಾಪ್ ಮೆಸೇಜ್ ಇಲ್ಲಿ ಹೋಗುತ್ತದೆ, ಫೋಟೋ ಹೋಗುತ್ತದೆ, ಕಾಲ್ ಮಾತ್ರ ಹೋಗುವುದಿಲ್ಲ. ಇಲ್ಲಿಯ ಟೆಲಿಕಾಂ ನಿಯಮದ ಪ್ರಕಾರ ಇಂಟರ್ನೆಟ್ ಮೂಲಕ ಕಾಲ್ ಕೊಡುವ ಹಕ್ಕು ಲೈಸೆನ್ಸ್ ಇರುವ ಕಂಪನಿಗಳಿಗೆ ಮಾತ್ರ. ಹೊರಗಿನ ಆ್ಯಪ್ ಆದರೆ ಅವರ ಜೊತೆ ಸೇರಿ ಒಪ್ಪಿಗೆ ಪಡೆಯಬೇಕು. ಪಕ್ಕದ ಸೌದಿ 2017ರ ಸೆಪ್ಟೆಂಬರಿನಲ್ಲಿ, ತನ್ನ ನಿಯಮಕ್ಕೆ ಒಪ್ಪುವ ಕಾಲ್ ಆ್ಯಪ್‌ಗಳ ಮೇಲಿನ ತಡೆಯನ್ನು ತೆಗೆಯಿತು. ಆ ಸುದ್ದಿ ಓದಿ ನಮ್ಮ ರೂಮಿನಲ್ಲಿ ಎಲ್ಲರೂ ಇಲ್ಲೂ ಆಗುತ್ತದೆ ಎಂದು ಕಾದಿದ್ದೆವು.

ವಿಪಿಎನ್ ಬಗ್ಗೆ, ಅಂದರೆ ಇಂಥ ತಡೆ ದಾಟಲು ಕೆಲವರು ಹಾಕಿಕೊಳ್ಳುವ ಆ್ಯಪ್ ಬಗ್ಗೆ, ಒಂದು ಮಾತು. ಅದನ್ನು ನಾನು ಈ ಹೋಲಿಕೆಗೇ ಸೇರಿಸಿಲ್ಲ. ಇಲ್ಲಿ ವಿಪಿಎನ್ ಇಟ್ಟುಕೊಳ್ಳುವುದೇ ತಪ್ಪಲ್ಲ. ಆದರೆ ಅದನ್ನು ಅಪರಾಧಕ್ಕೆ ಬಳಸಿದರೆ 5 ಲಕ್ಷದಿಂದ 20 ಲಕ್ಷ ದಿರ್ಹಮ್‌ವರೆಗೆ ದಂಡ ಎಂದು ಕಾನೂನು ಹೇಳುತ್ತದೆ. ವೀಸಾದ ಮೇಲೆ ಬದುಕುವ ನಮ್ಮಂಥವರು ಆ ಗೊಡವೆಗೆ ಹೋಗಬಾರದು.

ಹಾಗಾಗಿ ನಾನು ನಾಲ್ಕು ದಾರಿ ಹಿಡಿದು, ಮೂರು ತಿಂಗಳು ಒಂದು ಪುಸ್ತಕದಲ್ಲಿ ಬರೆದಿಟ್ಟೆ. ಯಾವ ದಿನ, ಎಷ್ಟು ನಿಮಿಷ, ಅಮ್ಮ ಎತ್ತಿದಳೋ ಇಲ್ಲವೋ.

ಮೊದಲು ಬೋಟಿಮ್, ಇಲ್ಲಿ ಒಪ್ಪಿಗೆ ಇರುವ ಇಂಟರ್ನೆಟ್ ಕಾಲ್ ಆ್ಯಪ್. 2018ರಲ್ಲಿ ಎರಡೂ ಕಂಪನಿಗಳು ಇಂಟರ್ನೆಟ್ ಕಾಲಿಂಗ್ ಪ್ಯಾಕ್ ತಂದಾಗ ಮೊಬೈಲಿಗೆ ತಿಂಗಳಿಗೆ 50 ದಿರ್ಹಮ್ ಇತ್ತು, ಅದರ ಮೇಲೆ ಶೇ. 5 ವ್ಯಾಟ್. ಈಗಿನ ದರವನ್ನು ನಿಮ್ಮ ಕಂಪನಿಯ ಆ್ಯಪ್‌ನಲ್ಲೇ ನೋಡಿಕೊಳ್ಳಿ. ಪ್ಯಾಕ್ ನಮಗೆ ಮಾತ್ರ ಬೇಕು, ಊರಿನವರು ಸುಮ್ನೆ ಆ್ಯಪ್ ಹಾಕಿಕೊಂಡರೆ ಆಯಿತು. ವಿಡಿಯೋ ಚೆನ್ನಾಗಿ ಬರುತ್ತದೆ. ನನ್ನ ರೂಂಮೇಟ್ ಭಟ್ಕಳದವನು, ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು. ರಂಜಾನ್ ತಿಂಗಳಲ್ಲಿ ಇಫ್ತಾರ್ ಮುಗಿಸಿ, ಖರ್ಜೂರದ ಬೀಜ ಇನ್ನೂ ತಟ್ಟೆಯಲ್ಲಿರುವಾಗಲೇ ಬೋಟಿಮ್ ಹಚ್ಚುತ್ತಾನೆ. ಊರು ಒಂದೂವರೆ ಗಂಟೆ ಮುಂದೆ, ಅಲ್ಲಿ ಆಗಲೇ ಊಟದ ಹೊತ್ತು. ಸಣ್ಣ ಮಗಳು ಫೋನನ್ನು ತಟ್ಟೆಯ ಪಕ್ಕ ನಿಲ್ಲಿಸಿಕೊಂಡು ಉಣ್ಣುತ್ತಾಳೆ. ಅವರು ಮಾತಾಡುವುದು ಕಡಿಮೆ. ಗಂಟೆಗಟ್ಟಲೆ ಸುಮ್ನೆ ಜೊತೆಗಿರುತ್ತಾರೆ. ನಿಮಿಷದ ಲೆಕ್ಕದಲ್ಲಿ ಹೀಗೆ ಇರಲು ಸಾಧ್ಯವೇ ಇಲ್ಲ. ಸ್ಮಾರ್ಟ್‌ಫೋನ್ ಇರುವ ಮನೆಗೆ, ಮಕ್ಕಳಿರುವ ಮನೆಗೆ ಇದಕ್ಕಿಂತ ಒಳ್ಳೆಯದು ನನಗೆ ಕಾಣಲಿಲ್ಲ.

ನನ್ನ ಅಮ್ಮನ ವಿಷಯದಲ್ಲಿ ಇದು ನಡೆಯಲಿಲ್ಲ. ಅಣ್ಣನ ಮಗನ ಫೋನಿಗೆ ಮಾಡಬೇಕು. ಅವನು ಕಾಲೇಜಿನಿಂದ ಬಂದಿರಬೇಕು, ಚಾರ್ಜ್ ಇರಬೇಕು, ಅಜ್ಜಿಯ ಹತ್ತಿರ ಹೋಗಿ ಹಿಡಿದು ನಿಲ್ಲಬೇಕು. ಪುಸ್ತಕದಲ್ಲಿ ಬರೆದದ್ದು: ಹನ್ನೆರಡು ಸಲ ಮಾಡಿದ್ದು, ಅಮ್ಮ ಸಿಕ್ಕಿದ್ದು ಐದು ಸಲ. ಸಿಕ್ಕಾಗಲೂ ಮುಖ ನೋಡಿ ಗಾಬರಿ. "ಎಷ್ಟ್ ಇಳ್ದೆ ಮಗಾ" ಎಂದು ಅದೇ ಮಾತು.

ಗೂಗಲ್ ಮೀಟ್, ಜೂಮ್, ಟೀಮ್ಸ್ ಇವಕ್ಕೆ 2020ರಲ್ಲಿ ಕೊರೊನಾ ಸಮಯದಲ್ಲಿ ಇಲ್ಲಿಯ ಟೆಲಿಕಾಂ ಪ್ರಾಧಿಕಾರ ಅವಕಾಶ ಕೊಟ್ಟಿತು. ಮೀಟ್‌ನಲ್ಲಿ ಮೂರು ಅಥವಾ ಹೆಚ್ಚು ಜನ ಇದ್ದರೆ ಫ್ರೀ ಇರುವುದು ಒಂದು ಗಂಟೆ, ಜೂಮ್‌ನಲ್ಲಿ 40 ನಿಮಿಷ. ಲಿಂಕ್ ಕಳಿಸಿ, ಅವರು ಒತ್ತಿ, ಒಳಗೆ ಬರಬೇಕು. ಚೌತಿ ದಿನ ಬೆಂಗಳೂರಿನ ತಂಗಿ, ಊರಿನ ಅಣ್ಣ, ಇಲ್ಲಿಂದ ನಾನು, ಮೂವರೂ ಸೇರಲು ಚೆನ್ನಾಗಿತ್ತು. ದಿನದ ಮಾತಿಗೆ ಆಗುವುದಿಲ್ಲ.

ವಾಟ್ಸಾಪ್ ವಾಯ್ಸ್ ಮೆಸೇಜನ್ನು ನಾನು ಮೊದಲು ಲೆಕ್ಕಕ್ಕೇ ಇಟ್ಟಿರಲಿಲ್ಲ. ಒಂದು ದಿನ ಅಣ್ಣನ ಮಗ ಅಮ್ಮನ ಕೈಯಲ್ಲಿ ಫೋನ್ ಕೊಟ್ಟು, ಒತ್ತಿ ಹಿಡಿದು ಮಾತಾಡಲು ಹೇಳಿದನಂತೆ. ಒಂದು ನಿಮಿಷ ಹತ್ತು ಸೆಕೆಂಡಿನ ಮೆಸೇಜ್ ಬಂತು. ಮೊದಲ ಹದಿನೈದು ಸೆಕೆಂಡ್ ಬರೀ ಉಸಿರಾಟ, ಹಿಂದೆ ಮಳೆಯ ಸದ್ದು. ಆಮೇಲೆ ಕೆಮ್ಮು. ಆಮೇಲೆ ಹಸು ಕರು ಹಾಕಿದ ಸುದ್ದಿ, ಹೆಣ್ಣು ಕರು, ಹಣೆಯ ಮೇಲೆ ಬಿಳಿ ಬೊಟ್ಟು. ಕೊನೆಗೆ "ಆಯ್ತಾ ಇದು?" ಎಂದು ಮೊಮ್ಮಗನನ್ನು ಕೇಳಿದ ಪ್ರಶ್ನೆ. ಅಲ್ ಕೂಸ್‌ನಿಂದ ಬಸ್ಸಿನಲ್ಲಿ ಬರುವಾಗ ನಾಲ್ಕು ಸಲ ಕೇಳಿದೆ. ಅದು ಈಗಲೂ ನನ್ನ ಫೋನಿನಲ್ಲಿದೆ, ಪ್ರತ್ಯೇಕವಾಗಿ ತೆಗೆದಿಟ್ಟಿದ್ದೇನೆ. ಇದಕ್ಕೆ ಪ್ಯಾಕ್ ಬೇಡ, ಹೊತ್ತು ಹೊಂದಿಸುವುದೂ ಬೇಡ. ಉತ್ತರ ಮಾತ್ರ ತಕ್ಷಣ ಸಿಗುವುದಿಲ್ಲ. ತಾಯಿ ಮಕ್ಕಳ ಮಾತಿಗೆ ಎರಡೂ ಕಡೆಯಿಂದ 'ಹ್ಞೂಂ' ಬೇಕು.

ಉಳಿದದ್ದು ಸಾದಾ ಕಾಲ್. ಹಳೆಯ ದಾರಿ. ಇಂಟರ್ನ್ಯಾಷನಲ್ ನಿಮಿಷಗಳ ಪ್ಯಾಕ್ ಹಾಕಿಕೊಂಡು ನೇರವಾಗಿ ಅಮ್ಮನ ನಂಬರಿಗೆ. ಮೂರು ತಿಂಗಳಲ್ಲಿ ನಲವತ್ತೊಂದು ಸಲ ಮಾಡಿದೆ, ಅಮ್ಮ ಎತ್ತಿದ್ದು ಮೂವತ್ತೆಂಟು ಸಲ. ಒಂದೊಂದು ನಿಮಿಷದ ದುಡ್ಡು ಲೆಕ್ಕ ಹಾಕಿದರೆ ನಾಲ್ಕರಲ್ಲಿ ಇದೇ ದುಬಾರಿ. ಆದರೂ ನನ್ನ ಮೊದಲ ಆಯ್ಕೆ ಇದೇ. ಗಂಟೆ ಬಾರಿಸಿದರೆ ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ಹಸಿರು ಬಟನ್ ಒತ್ತುತ್ತಾಳೆ. ಯಾರನ್ನೂ ಕರೆಯಬೇಕಿಲ್ಲ. ಮೊಮ್ಮಗ ಪಕ್ಕದಲ್ಲಿ ಇಲ್ಲದಾಗ ಮಾತ್ರ ಹೇಳುವ ಮಾತುಗಳೂ ಇರುತ್ತವೆ. ಮಂಡಿನೋವು ಜಾಸ್ತಿಯಾದದ್ದು, ರಾತ್ರಿ ನಿದ್ದೆ ಬಾರದ್ದು, ಅಣ್ಣನಿಗೆ ಹೇಳಬೇಡ ಎಂಬ ಮಾತು. ವಿಡಿಯೋದಲ್ಲಿ ಇವು ಒಂದೂ ಬರಲಿಲ್ಲ.

ಇದರಲ್ಲಿ ಒಂದು ಎಚ್ಚರ ಬೇಕು. ಒಮ್ಮೆ ಅಮ್ಮನಿಗೆ ಜ್ವರ ಎಂದು ಗೊತ್ತಾಗಿ ಬ್ಯಾಲೆನ್ಸ್ ಹಾಕಿಟ್ಟಿದ್ದೆ. ನಾನು ಬಳಸಿದ ಒಂದು ಕಂಪನಿಯ ಹಳೆಯ ಡೇಟಾ ಪ್ಯಾಕ್ ಮಧ್ಯರಾತ್ರಿ ತಾನಾಗಿ ರಿನ್ಯೂ ಆಗಿ ಅದನ್ನೆಲ್ಲ ತಿಂದುಹಾಕಿತು. ಬೆಳಗ್ಗೆ ಕಾಲ್ ಹೋಗಲಿಲ್ಲ. ಗ್ರೋಸರಿ ತೆರೆಯುವವರೆಗೆ ಬಾಗಿಲಲ್ಲಿ ನಿಂತಿದ್ದೆ. ಪ್ಯಾಕ್ ಹಾಕಿದ ಕೂಡಲೇ ಆಟೋ ರಿನ್ಯೂವಲ್ ಇದೆಯಾ ನೋಡಿ, ಬೇಡದಿದ್ದರೆ ತೆಗೆಸಿ. ಹಾಗೆಯೇ ವೀಸಾ ರಿನ್ಯೂ ಆದಾಗ ಹೊಸ ಬತಾಕದ ವಿವರವನ್ನು ಸಿಮ್‌ಗೆ ಅಪ್‌ಡೇಟ್ ಮಾಡಿಸಿ. ಅದು ಬಾಕಿ ಉಳಿದರೆ ಲೈನ್ ನಿಲ್ಲಿಸುತ್ತಾರೆ.

ಊರಿನ ಸಿಮ್ ಬಿಸಾಡಬೇಡಿ. ಬ್ಯಾಂಕಿನ ಒಟಿಪಿ ಅದಕ್ಕೇ ಬರುವುದು. ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆ (ಹೊರದೇಶದಲ್ಲಿರುವ ಭಾರತೀಯರ ಬ್ಯಾಂಕ್ ಖಾತೆ) ಇದ್ದರೆ ಇಲ್ಲಿಯ ನಂಬರಿನಲ್ಲೇ ಯುಪಿಐ ಬಳಸಲು 2023ರಲ್ಲಿ ಅವಕಾಶ ಬಂದಿದೆ. ನಿಮ್ಮ ಬ್ಯಾಂಕ್ ಕೊಡುತ್ತದೆಯೇ ಕೇಳಿ.

ಈಗ ನನ್ನ ಏರ್ಪಾಡು ಹೀಗಿದೆ. ವಾರದಲ್ಲಿ ಮೂರು ದಿನ, ಇಲ್ಲಿ ಸಂಜೆ ಆರಕ್ಕೆ, ಅಮ್ಮನಿಗೆ ಸಾದಾ ಕಾಲ್. ಅಲ್ಲಿ ಏಳೂವರೆ, ದೀಪ ಹಚ್ಚಿ ಆಗಿರುತ್ತದೆ, ಊಟಕ್ಕೆ ಇನ್ನೂ ಕೂತಿರುವುದಿಲ್ಲ. ಭಾನುವಾರ ಬೋಟಿಮ್‌ನಲ್ಲಿ ಅಣ್ಣನ ಮನೆಯವರೆಲ್ಲ. ಮುಂದಿನ ರಜೆಗೆ ಹೋಗುವಾಗ ಅಮ್ಮನಿಗೆ ಟಚ್ ಫೋನ್ ಒಯ್ಯಲು ರೂಮಿನವರು ಹೇಳುತ್ತಿದ್ದಾರೆ. ನಾನು ಇನ್ನೊಂದು ಬಟನ್ ಫೋನೇ ತೆಗೆದಿಟ್ಟಿದ್ದೇನೆ. ಅಂಕಿಗಳು ದೊಡ್ಡವು, ಹಸಿರು ಬಟನ್ ಅಗಲ. ಊರಿಗೆ ಹೋದ ದಿನವೇ ಅದರಲ್ಲಿ ಮೊದಲ ಹೆಸರಾಗಿ ನನ್ನ ಹಳೆಯ 055 ನಂಬರನ್ನೇ ಹಾಕಿಕೊಡುತ್ತೇನೆ.